ಅಪ್‌ಡೇಟ್: ಕಾಳಿ ಅಳಿವೆಯಲ್ಲಿ ಹಾಯಿದೋಣಿಗೆ ಕಾಯಂ ಮೂರಿಂಗ್

ಕಾರವಾರದ ಕಾಳಿ ಅಳಿವೆಯಲ್ಲಿ ನನ್ನ 19 ಅಡಿಯ ಹಾಯಿದೋಣಿಯನ್ನು ನೀರಲ್ಲೇ ಕಾಯಂ ಕಟ್ಟಿ ನಿಲ್ಲಿಸಲು (ಅದೇ ಮೂರಿಂಗ್) ಕಾಂಕ್ರೀಟ್ ದಿಮ್ಮಿ ಒಳ್ಳೆಯದೋ, ಅಣಬೆ ಆಕಾರದ ಲಂಗರು ಒಳ್ಳೆಯದೋ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಬಂದರಿನವರ ಅನುಮತಿ ಪಡೆದು ಅಣಬೆ ಲಂಗರನ್ನೇ ಹಾಕಿಸಿದೆ.

ಕಾರಣ ತಳದ ಮಣ್ಣು. ಬಿದಿರಿನ ಗಳ ಚುಚ್ಚಿ ನೋಡಿದರೆ ಮೆತ್ತನೆ ಕೆಸರು. ಅಣಬೆ ಲಂಗರು ಅದರಲ್ಲಿ ನಿಧಾನವಾಗಿ ಹೂತು, ಕೆಸರಿನ ಹಿಡಿತದಿಂದಲೇ ನಿಲ್ಲುತ್ತದೆ. ಪೂರ್ತಿ ಹೂಳಲು ತಿಂಗಳುಗಳೇ ಬೇಕು, ಅಲ್ಲಿಯವರೆಗೆ ಎಚ್ಚರ. ದಿಮ್ಮಿ ನಿಲ್ಲುವುದು ಮುಖ್ಯವಾಗಿ ತೂಕದಿಂದ, ಆದರೆ ಕಾಂಕ್ರೀಟ್ ಸಮುದ್ರದ ನೀರಲ್ಲಿ 40%ಗಿಂತ ಜಾಸ್ತಿ ತೂಕ ಕಳೆದುಕೊಳ್ಳುತ್ತದೆ. 500 ಕೆ.ಜಿ. ದಿಮ್ಮಿ ಅಲ್ಲಿ 300 ಕೆ.ಜಿ.ಯೂ ತೂಗುವುದಿಲ್ಲ!

ಭರತದಲ್ಲಿ ಆಳ 4 ಮೀಟರ್. ಹಾಗಾಗಿ ಕೆಳಗೆ 6 ಮೀಟರ್ ದಪ್ಪ ಸರಪಳಿ, ಮೇಲೆ 4 ಮೀಟರ್ ತೆಳುವಾದದ್ದು, ನಡುವೆ ಸ್ವಿವೆಲ್ (ಸುತ್ತ ತಿರುಗುವ ಕೊಂಡಿ). ಭರತ ಇಳಿತಕ್ಕೆ ದೋಣಿ ದಿನಕ್ಕೆ ನಾಲ್ಕು ಸಲ ತಿರುಗುತ್ತದೆ. ಸ್ವಿವೆಲ್ ಇಲ್ಲದಿದ್ದರೆ ಸರಪಳಿ ಹುರಿಗೊಳ್ಳುತ್ತದೆ. ಸರಪಳಿ ಜೋಡಿಸುವ ಶ್ಯಾಕಲ್‌ (U ಆಕಾರದ ಕೊಂಡಿ) ಪಿನ್‌ಗಳು ಬಿಚ್ಚದಂತೆ ತಂತಿ ಬಿಗಿಸಿದ್ದೇನೆ. ದೋಣಿಗೆ ಕಟ್ಟಿದ ಹಗ್ಗ ಉಜ್ಜುವ ಕಡೆ ಹಳೆ ಫೈರ್ ಹೋಸ್ ತೊಡಿಸಿದ್ದೇನೆ.

ಮಳೆಗಾಲದಲ್ಲೂ ದೋಣಿ ನೀರಲ್ಲೇ ಇರಲಿ ಅಂತ ಕೆಲವರು ಹೇಳಿದ್ದರು. ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹೊಳೆ ತುಂಬಿ ಬಂದಾಗ ಮರದ ತುಂಡುಗಳೂ ತೇಲಿ ಬರುತ್ತವೆ. ಮೇ ಕೊನೆಗೇ ದಡಕ್ಕೆ ಎಳೆಸುತ್ತೇನೆ. ಸರಪಳಿಯ ಸವೆತ ನೋಡಲು ಅದೇ ಸರಿಯಾದ ಸಮಯ, ಅಲ್ವಾ?