ಸಹಾಯ ಬೇಕು: ಕಾಳಜಿ ಕೇಂದ್ರದಲ್ಲಿ ಭೇದಿ ಹರಡುವ ಭಯ

ಚಿಕ್ಕೋಡಿ ತಾಲ್ಲೂಕಿನ ನಮ್ಮ ಊರಿಗೆ ಕೃಷ್ಣಾ ನದಿಯ ನೀರು ನುಗ್ಗಿದೆ. ಶಾಲೆಯಲ್ಲಿ ತೆರೆದಿರುವ ಕಾಳಜಿ ಕೇಂದ್ರದಲ್ಲಿ ಇನ್ನೂರಕ್ಕೂ ಹೆಚ್ಚು ಜನರಿದ್ದಾರೆ. ಬಳಸಲು ಬರುವ ಶೌಚಾಲಯಗಳು ಎರಡೇ. ತುರ್ತಿನ ಮೊದಲ ದಿನಗಳಲ್ಲೂ 50 ಜನರಿಗೆ ಒಂದಾದರೂ ಇರಬೇಕೆಂಬುದು ವಿಪತ್ತು ಪರಿಹಾರಕ್ಕೆ ಅಂತರರಾಷ್ಟ್ರೀಯವಾಗಿ ಬಳಸುವ ಸ್ಫಿಯರ್ ಮಾನದಂಡ. ನಿನ್ನೆಯಿಂದ ಮೂರು ಮಕ್ಕಳಿಗೆ ಭೇದಿ. ಆಶಾ ಕಾರ್ಯಕರ್ತೆ ಓಆರ್‌ಎಸ್ ಕುಡಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿದ್ದಾರೆ.

ಹೆಚ್ಚಿನ ಚಿಂತೆ ನೀರಿನದು. ಡ್ರಮ್ಮಿಗೆ ಬ್ಲೀಚಿಂಗ್ ಪುಡಿಯನ್ನು ಕಣ್ಣಂದಾಜಿನಲ್ಲಿ ಹಾಕುತ್ತಿದ್ದೇವೆ. ಅರ್ಧ ಗಂಟೆಯ ನಂತರ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅಳೆಯಲು ಕ್ಲೋರೋಸ್ಕೋಪ್ ಇಲ್ಲ. ಅದಿದ್ದರೂ ಎಷ್ಟು ಪ್ರಯೋಜನವೋ! ಮಗುವಿನ ಕುಂಡಿ ತೊಳೆದ ಕೈಯಲ್ಲೇ ಚೊಂಬು ಹಿಡಿದು ಡ್ರಮ್ಮಿನೊಳಗೆ ಮೊಣಕೈವರೆಗೆ ಅದ್ದುತ್ತಾರೆ. ಬೈದು ಪ್ರಯೋಜನವಿಲ್ಲ, ಕೈ ತೊಳೆಯಲು ಬೇರೆ ನೀರೇ ಇಲ್ಲವಲ್ಲ.

ಹಾಗಾಗಿ ನಲ್ಲಿ ಇರುವ ಮುಚ್ಚಳದ ಡ್ರಮ್ಮುಗಳು, ಸೋಪು, ಕ್ಲೋರಿನ್ ಮಾತ್ರೆ, ಸೊಳ್ಳೆಪರದೆ, ಸ್ಯಾನಿಟರಿ ಪ್ಯಾಡ್ ಬೇಕು. ಹತ್ತಿರದಲ್ಲಿ ಸಂಚಾರಿ ಶೌಚಾಲಯ ಸಿಗುವ ಕಡೆ ಗೊತ್ತಿದ್ದರೆ ತಿಳಿಸಿ. ಹಳೆಯ ಸೀರೆಗಳನ್ನು ದಯವಿಟ್ಟು ಕಳುಹಿಸಬೇಡಿ. ಒಂದು ಕೊಠಡಿ ಅವುಗಳಿಂದಲೇ ತುಂಬಿ, ಜನ ಜಗುಲಿಯಲ್ಲಿ ಮಲಗುತ್ತಿದ್ದಾರೆ.

ವೈದ್ಯರಲ್ಲಿ ಒಂದು ಪ್ರಶ್ನೆ: ದನಗಳಿಗೆ ಮೇವು ಹಾಕಲು ದಿನವೂ ಕೆಸರು ನೀರಿನಲ್ಲಿ ನಡೆಯುವವರ ಕಾಲಲ್ಲಿ ಗಾಯಗಳಿವೆ. ಇಲಿಜ್ವರ ತಡೆಯಲು ಇವರಿಗೆ ಡಾಕ್ಸಿಸೈಕ್ಲಿನ್ ಕೊಡಿಸಬೇಕೇ? ಗರ್ಭಿಣಿಯರೂ ಮಕ್ಕಳೂ ಇರುವುದರಿಂದ ನಾವಾಗಿಯೇ ಹಂಚುವುದಿಲ್ಲ. ಯಾರಾದರೂ ಬಂದು ನೋಡುವಂತಿದ್ದರೆ ಇಲ್ಲಿಯೇ ಬರೆಯಿರಿ. ಕೆಳಮಟ್ಟದ ಸೇತುವೆ ಮುಳುಗಿದೆ, ಸುತ್ತು ದಾರಿ ಹೇಳುತ್ತೇನೆ.