ಗ್ಯಾಸ್ ತುಟ್ಟಿ ಆಗೈತಿ: ರೊಟ್ಟಿ ರೇಟ್ ಏರಿಸೂದೋ, ಒಲಿ ಬದಲಿಸೂದೋ? ಅನುಭವ ಇದ್ದಾವ್ರು ಹೇಳ್ರಿ

ಬಾಗಲಕೋಟಿ: ಕಡಕ್ ರೊಟ್ಟಿ ಮಾಡಿ ಖಾನಾವಳಿಗೆ ಕೊಡ್ತೀವಿ. ನಾಕು ಬರ್ನರ್, 19 ಕೆಜಿ ಸಿಲಿಂಡರ್. ಕರೆಂಟ್ ಒಲಿ ಹಾಕಿದ್ರ ಉಳಿತೈತೇನ್ರಿ?

ಇಳಕಲ್: ನಮ್ಮದೆಲ್ಲಾ ಇಂಡಕ್ಷನ್, ಛಲೋ ನಡದೈತಿ. ಒಂದ್ ಕೆಜಿ ಗ್ಯಾಸಿನ್ಯಾಗ ಸುಮಾರು 12.7 ಯೂನಿಟ್ ಶಾಖ, 19 ಕೆಜಿಗೆ 240. ಬರ್ನರಿನಿಂದ ಹಂಚಿಗೆ ಮುಟ್ಟೂದು ನೂರಕ್ಕ 55–60, ಉಳದದ್ದು ಗಾಳಿಗೆ. ಇಂಡಕ್ಷನ್‌ನ್ಯಾಗ 85ರ ಸುತ್ತ. ಅಂದ್ರ ಒಂದ್ ಸಿಲಿಂಡರಿನ ಕೆಲಸಕ್ಕ 155–170 ಯೂನಿಟ್ ಕರೆಂಟ್. ಹೆಸ್ಕಾಂ ಕರೆಂಟ್ ಬಿಲ್ಲಿನ ದರದಿಂದ ಗುಣಿಸಿ ಸಿಲಿಂಡರ್ ರೇಟಿಗೆ ಹಚ್ಚಿ ನೋಡ್ರಿ. ತಗ್ಗಿನ ಹಂಚು ನಡ್ಯಾಂಗಿಲ್ಲ, ಬುಡ ಸಪಾಟ ಇರೋ ದಪ್ಪ ಕಬ್ಬಿಣದ್ದ ಬೇಕು. ತೆಳ್ಳಂದು ಕಾದು ನಡುವ ಉಬ್ಬತೈತಿ, ರೊಟ್ಟಿ ನಡುವ ಹೊತ್ತಿ ಅಂಚು ಹಸಿ ಉಳಿತಾವ. 2 ಕಿಲೋವ್ಯಾಟಿನ ನಾಕು ಒಲಿ ಅಂದ್ರ 8 ಕಿಲೋವ್ಯಾಟ್. ಲೋಡ್ ಮಂಜೂರಿ (ಒಮ್ಮೆಲೆ ಎಷ್ಟು ಕಿಲೋವ್ಯಾಟ್ ಎಳಿಬಹುದು ಅನ್ನೋ ಪರವಾನಗಿ) ಏರಿಸಬೇಕು, ಫಿಕ್ಸೆಡ್ ಚಾರ್ಜೂ ಏರತೈತಿ.

ತಾಳಿಕೋಟಿ: ಕರೆಂಟ್ ಹೋದಾಗ ನಾದಿದ ಹಿಟ್ಟು ಏನ್ ಮಾಡ್ತೀರಿ ಅಕ್ಕಾರ? ಬಿಸಿನೀರಾಗ ನಾದಿದ್ದು ಆರಿತಂದ್ರ ಬಡಿವಾಗ ಅಂಚು ಸೀಳ್ತೈತಿ. ನಮ್ಮದು ಜಾಲಿ ಕಟಿಗಿ, ಚಿಮಣಿ ಒಲಿ. ಮಳಿಗಾಲಕ್ಕ ಮೊದಲ ಸೀಳಿ ಒಣಗಿಸಿಡ್ತೀವಿ. ಹಸಿ ಕಟಿಗಿ ಉರಿ ತನ್ನ ನೀರು ಆರಿಸಾಕ ಹೋಗ್ತೈತಿ.

ಇಳಕಲ್: ಹೊಗಿ ಕುಡಿಯೋ ಹೆಣ್ಮಕ್ಕಳ ದವಾಖಾನಿ ಖರ್ಚು ಆ ಲೆಕ್ಕದಾಗ ಐತೇನು?

ತಾಳಿಕೋಟಿ: ಚಿಮಣಿ ಐತಿ ಅಂತ ಬರದೀನಿ. ಓದಿ ಮಾತಾಡ್ರಿ.

ಗೋಕಾಕ, ಗಿರಣಿ: ಇಬ್ಬರೂ ಒಲಿ ಹಿಡ್ಕೊಂಡ ಕುಂತೀರಿ. ರೊಟ್ಟಿ ರೇಟ್ ಇರೋದು ಹಿಟ್ಟಿನ್ಯಾಗ. 10 ಹೆಚ್‌ಪಿ ಮೋಟರ್ ತುಂಬು ಲೋಡಿಗೆ ತಾಸಿಗೆ 8 ಯೂನಿಟ್ ಮ್ಯಾಲ ತಿಂತೈತಿ. ಕಲ್ಲು ಸವದಿತ್ತಂದ್ರ ಅಷ್ಟ ಜ್ವಾಳಕ್ಕ ಹೆಚ್ಚು ಹೊತ್ತು ತಿರಗಬೇಕು, ಹಿಟ್ಟು ಸುಟ್ಟು ಜಿಗಿ ಹೋಗ್ತೈತಿ. ಕಲ್ಲು ಹೊಡಿಸಿ ಹರಿತ ಮಾಡಿದ ಗಿರಣಿಗೇ ಹಾಕ್ರಿ.

ಮುಧೋಳ, ರೈತ: ಹಿಂಗಾರಿ ಜ್ವಾಳಕ್ಕ ಪಂಪ್‌ಸೆಟ್ ಬೇಡ, ಎರಿ (ಕರಿ ಮಣ್ಣಿನ) ಹೊಲದ ಹಸಿ ಸಾಕು. ಆದ್ರ ಹರಗೂದು, ರಾಶಿ ಮಷಿನ್, ಪ್ಯಾಟಿಗೆ ಒಯ್ಯೂದು ಎಲ್ಲಾ ಡೀಸೆಲ್. ನೀರು ಬಂದಲ್ಲೆಲ್ಲಾ ಕಬ್ಬು ಬಂತು, ಜ್ವಾಳದ ಹೊಲ ಕಡಿಮಿ ಆದವು. ಮಾಲದಂಡಿ ಜ್ವಾಳ ತುಟ್ಟಿ ಅಂತ ನಮಗ ಬೈಬ್ಯಾಡ್ರಿ.

ಗೋಕಾಕ, ಗಿರಣಿ: ಬೈದವರ್ಯಾರು? 10 ಹೆಚ್‌ಪಿ ತನಕ ನಿಮ್ಮ ಪಂಪಿಗೆ ಕರೆಂಟ್ ಪುಕ್ಕಟ. ಅಷ್ಟ ಹೆಚ್‌ಪಿ ಗಿರಣಿಗೆ ಪೂರ್ತಿ ಬಿಲ್. ಇದನ್ನ ಯಾರೂ ಎತ್ತಂಗಿಲ್ಲ.

ಮುಧೋಳ, ರೈತ: ಏಳು ತಾಸಿನ ತ್ರೀ ಫೇಸ್, ಅದೂ ರಾತ್ರಿ ಪಾಳಿ. ಹಾವು-ಚೇಳಿನ ನಡುವ ನೀರು ಹಾಸಾಕ ಬರ್ರಿ, ಆಮ್ಯಾಲ ಪುಕ್ಕಟ ಅನ್ರಿ.

ಇಳಕಲ್: ಬಾಗಲಕೋಟಿಯವ್ರ, ಇವ್ರ ಜಗಳ ಬಿಡ್ರಿ. ಸಿಲಿಂಡರ್ ತೂಕಾ ಮಾಡಿ, ಕೆಜಿ ಗ್ಯಾಸಿಗೆ ಎಷ್ಟು ರೊಟ್ಟಿ ಅಂತ ಮೊದಲ ತಗೀರಿ. ನಾಕೂ ಒಮ್ಮೆಲೆ ಬದಲಿಸಬ್ಯಾಡ್ರಿ. ಎರಡು ಇಂಡಕ್ಷನ್ ಹಾಕಿ, ಕರೆಂಟ್ ಹೋದಾಗಿಗೆ ಎರಡು ಬರ್ನರ್ ಇಟ್ಕೋರಿ.

ತಾಳಿಕೋಟಿ: ಈಗ ಬರ್ನರ್ ಬೇಕಾತು ನೋಡ್ರಿ!