ಅರಣ್ಯ ಬಿಲ್ ಸಮಿತಿಗೆ ಹೋದ್ರೆ ಅಲ್ಲಿ ಏನಾಗುತ್ತೆ?

ತೀರ್ಥಹಳ್ಳಿ ಹುಡ್ಗ: ನಮ್ಮ ತೋಟದ ಹಿಂದಿನ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರೋ ಕಾಡು) ವಿಷ್ಯಕ್ಕೆ 2023ರ ಅರಣ್ಯ ಸಂರಕ್ಷಣಾ ತಿದ್ದುಪಡಿ ಓದ್ತಿದ್ದೆ, ಅದು ಸಂಸತ್ತಿನ ಜಂಟಿ ಸಮಿತಿಗೆ ಹೋಗಿತ್ತಂತೆ, ಅಲ್ಲಿ ನಿಜಕ್ಕೂ ಏನ್ ಮಾಡ್ತಾರೆ ಮಾರಾಯ್ರೆ?

ಸಾಗರದವ: ಬಿಲ್ಲನ್ನ ಒಂದೊಂದೇ ಕಲಂ ಹಿಡ್ಕಂಡು ನೋಡ್ತಾರೆ, ಇಲಾಖೆ ಅಧಿಕಾರಿಗಳನ್ನ ಕೂರಿಸ್ಕಂಡು ಪ್ರಶ್ನೆ ಕೇಳ್ತಾರೆ, ಜನರಿಂದ್ಲೂ ಲಿಖಿತ ಅಭಿಪ್ರಾಯ ತಗೋತಾರೆ. ಆ ಸಮಿತೀಲಿ 31 ಜನ ಇದ್ರು, ಜುಲೈನಲ್ಲಿ ವರದಿ ಕೊಟ್ರು, ಯಾವ ಕಲಮಿಗೂ ಬದಲಾವಣೆ ಹೇಳ್ಲಿಲ್ಲ.

ಕೊಪ್ಪದ ಅಕ್ಕ: ಸಂತೆಗೆ ಹೋಗಿ ಖಾಲಿ ಚೀಲ ತಂದಂಗಾಯ್ತಲ್ಲ!

ಸಾಗರದವ: ಪೂರ್ತಿ ಖಾಲಿ ಅಲ್ಲಕ್ಕ, ಕೆಲವು ಸದಸ್ಯರು ಭಿನ್ನಮತದ ಟಿಪ್ಪಣಿ ಬರ್ದು ವರದಿಗೆ ಸೇರ್ಸಿದಾರೆ, ಅದನ್ನೇ ಮೊದ್ಲು ಓದಿ, ರುಚಿ ಇರೋದೇ ಅಲ್ಲಿ. ಇನ್ನು ಸಮಿತಿ ಏನೇ ಶಿಫಾರಸು ಮಾಡ್ಲಿ, ಸರ್ಕಾರ ಒಪ್ಲೇಬೇಕು ಅಂತೇನಿಲ್ಲ.

ತೀರ್ಥಹಳ್ಳಿ ಹುಡ್ಗ: ಪಿಡಿಎಫ್ ಸಿಕ್ತು, ಅಷ್ಟ್ರಲ್ಲಿ ಕರೆಂಟ್ ಹೋಯ್ತು. ಮಳೆ ನೋಡಿ. ನಾಳೆ ಓದ್ತೀನಿ.